ಹಿಂದಿನ ಅಚ್ಚು ಓರೆಯಾಗಿದೆಯೇ? ಅಳೆದು ತಿಳಿಯುವ ಬಗೆ

ಈ ಸಲ ಬಂದ ಪತ್ರಗಳಲ್ಲಿ ಐದು ಪಿಕಪ್ ವಾಹನದ ಹಿಂದಿನ ಆ್ಯಕ್ಸಲ್‌ಗೆ, ಅಂದರೆ ಅಚ್ಚಿಗೆ, ಸಂಬಂಧಿಸಿದವು. ಮೊದಲನೆಯ ಪ್ರಶ್ನೆಗೆ ಕೊಟ್ಟ ಉತ್ತರದಲ್ಲೇ ಉಳಿದವುಗಳ ಬುಡವೂ ಇರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಬರೆದಿದ್ದೇನೆ.

ಪ್ರಶ್ನೆ: ನನ್ನ ಪಿಕಪ್ ನೇರ ರಸ್ತೆಯಲ್ಲಿ ನೇರವಾಗಿಯೇ ಹೋಗುತ್ತದೆ, ಆದರೆ ಸ್ಟಿಯರಿಂಗ್ ಚಕ್ರ ಮಾತ್ರ ಬಲಕ್ಕೆ ವಾಲಿಕೊಂಡಿರುತ್ತದೆ. ಮುಂದಿನ ಚಕ್ರಗಳ ಅಲೈನ್‌ಮೆಂಟನ್ನು ಎರಡು ಬಾರಿ ಮಾಡಿಸಿದೆ. ಯಂತ್ರ ಕೊಟ್ಟ ಚೀಟಿಯಲ್ಲಿ ಎಲ್ಲ ಅಂಕಿಗಳೂ ಸರಿಯಾಗಿವೆ, ರಸ್ತೆಗೆ ಇಳಿದರೆ ಮತ್ತೆ ಅದೇ ಕಥೆ. ಹಿಂದೆ ಬರುವವರು ಗಾಡಿ ಓರೆಯಾಗಿ ಓಡುತ್ತಿದೆ ಎನ್ನುತ್ತಾರೆ. ಟೈರ್‌ಗಳು ಮಾತ್ರ ಸಮವಾಗಿಯೇ ಸವೆದಿವೆ. ಕೆಲವು ತಿಂಗಳ ಹಿಂದೆ ಹಿಂದಿನ ಸ್ಪ್ರಿಂಗ್‌ಗಳನ್ನು ಬಿಚ್ಚಿ ಒಂದೊಂದು ಪಟ್ಟಿ ಹೆಚ್ಚುವರಿಯಾಗಿ ಹಾಕಿಸಿದ್ದೆ. ದೋಷ ಹಿಂದಿನ ಅಚ್ಚಿನಲ್ಲಿರಬಹುದೇ? ನಾನೇ ಪರೀಕ್ಷಿಸಬಹುದೇ?

ಉತ್ತರ: ನಿಮ್ಮ ಪತ್ರದ ಕೊನೆಯಿಂದ ಎರಡನೆಯ ವಾಕ್ಯವನ್ನು ಓದುವ ಮೊದಲೇ ನನ್ನ ಅನುಮಾನ ಹಿಂದಿನ ಅಚ್ಚಿನ ಮೇಲೆ ಬಿದ್ದಿತ್ತು. ಸ್ಪ್ರಿಂಗ್ ಬಿಚ್ಚಿಸಿದ ಸಂಗತಿ ತಿಳಿದ ಮೇಲೆ ಆ ಅನುಮಾನ ಬಲವಾಯಿತು.

ವಾಹನವನ್ನು ತಿರುಗಿಸುವುದು ಮುಂದಿನ ಚಕ್ರಗಳು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದು ಯಾವ ದಿಕ್ಕಿಗೆ ಮುಖಮಾಡಿ ಓಡಬೇಕೆಂಬುದನ್ನು ನಿರ್ಧರಿಸುವುದು ಹಿಂದಿನ ಅಚ್ಚು. ಅಚ್ಚು ಚಾಸಿಗೆ, ಅಂದರೆ ಗಾಡಿಯ ಕೆಳಚೌಕಟ್ಟಿಗೆ, ಸರಿಯಾಗಿ ಅಡ್ಡಲಾಗಿ, ಲಂಬಕೋನದಲ್ಲಿ ಇದ್ದರೆ ಹಿಂದಿನ ಚಕ್ರಗಳು ಗಾಡಿಯ ಮೂತಿಯ ಕಡೆಗೇ ತಳ್ಳುತ್ತವೆ. ಬಲಗಡೆಯ ತುದಿ ಸ್ವಲ್ಪ ಹಿಂದಕ್ಕೆ ಸರಿದಿದೆ ಎಂದುಕೊಳ್ಳಿ. ಆಗ ಎರಡೂ ಹಿಂದಿನ ಚಕ್ರಗಳು ಬಲಕ್ಕೆ ಮುಖಮಾಡುತ್ತವೆ, ಗಾಡಿಯ ಬಾಲ ಬಲಕ್ಕೆ ಹೋಗಲು ನೋಡುತ್ತದೆ, ಮೂತಿ ಎಡಕ್ಕೆ ತಿರುಗುತ್ತದೆ. ನೇರವಾಗಿ ಹೋಗಬೇಕಾದ ಚಾಲಕ ತನಗೆ ಅರಿವಿಲ್ಲದೆಯೇ ಸ್ಟಿಯರಿಂಗನ್ನು ಬಲಕ್ಕೆ ಹಿಡಿಯುತ್ತಾನೆ, ಈಗ ನಾಲ್ಕೂ ಚಕ್ರಗಳು ಒಂದೇ ದಿಕ್ಕಿಗೆ ಉರುಳುತ್ತವೆ, ಗಾಡಿಯ ಮೈ ಮಾತ್ರ ಆ ದಿಕ್ಕಿಗೆ ಓರೆಯಾಗಿ ನಿಂತಿರುತ್ತದೆ. ಯಾವ ಬದಿಯ ಚಕ್ರ ಹಿಂದೆ ಸರಿದಿದೆಯೋ ಸ್ಟಿಯರಿಂಗ್ ವಾಲುವುದೂ ಬಾಲ ಹೊರಬೀಳುವುದೂ ಆ ಬದಿಗೇ ಎಂಬುದನ್ನು ನೆನಪಿಟ್ಟರೆ ಸಾಕು. ನಿಮ್ಮ ಗಾಡಿಯಲ್ಲಿ ಬಲ ಚಕ್ರ ಹಿಂದಕ್ಕೆ ಹೋಗಿರಬೇಕು, ಇಲ್ಲವೇ ಎಡ ಚಕ್ರ ಮುಂದಕ್ಕೆ ಬಂದಿರಬೇಕು.

ಎಷ್ಟು ಸರಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ಎಡ ಬಲ ಚಕ್ರಗಳ ನಡುವಿನ ಅಗಲ 1500 ಮಿ.ಮೀ., ಮುಂದಿನ ಹಿಂದಿನ ಚಕ್ರಗಳ ನಡುವಿನ ಉದ್ದ 3000 ಮಿ.ಮೀ. ಇರುವ ಗಾಡಿಯಲ್ಲಿ ಅಚ್ಚಿನ ಒಂದು ತುದಿ ಇನ್ನೊಂದಕ್ಕಿಂತ 10 ಮಿ.ಮೀ. ಹಿಂದಿದ್ದರೆ ಅಚ್ಚು ಸುಮಾರು 0.38 ಡಿಗ್ರಿ ಓರೆಯಾಗಿರುತ್ತದೆ. ಕೇಳುವುದಕ್ಕೆ ಇದು ಏನೂ ಅಲ್ಲ. ಆದರೆ ಸ್ಟಿಯರಿಂಗ್ ಅನುಪಾತ 18ಕ್ಕೆ 1 ಇದ್ದರೆ, ಅಂದರೆ ಸ್ಟಿಯರಿಂಗ್ 18 ಡಿಗ್ರಿ ತಿರುಗಿದಾಗ ಮುಂದಿನ ಚಕ್ರ 1 ಡಿಗ್ರಿ ತಿರುಗುವುದಾದರೆ, ನಿಮ್ಮ ಕೈಯಲ್ಲಿರುವ ಚಕ್ರ 7 ಡಿಗ್ರಿಯಷ್ಟು ವಾಲುತ್ತದೆ, ಹಿಂದಿನ ಚಕ್ರಗಳ ಜಾಡು ಮುಂದಿನವುಗಳ ಜಾಡಿನಿಂದ 20 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ. ಹಿಂದೆ ಬರುವವರ ಕಣ್ಣಿಗೆ ಬೀಳುವಷ್ಟು ಓರೆ ಎಂದರೆ ನಿಮ್ಮ ಗಾಡಿಯಲ್ಲಿ ಇದಕ್ಕಿಂತಲೂ ಹೆಚ್ಚೇ ಇರಬಹುದು.

ಅಲೈನ್‌ಮೆಂಟ್ ಚೀಟಿ ಸುಳ್ಳು ಹೇಳಿಲ್ಲ. ಮುಂದಿನ ಎರಡು ಚಕ್ರಗಳನ್ನಷ್ಟೇ ಅಳೆಯುವ ಪದ್ಧತಿಯಲ್ಲಿ ಹಿಂದಿನ ಅಚ್ಚು ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕೂ ಚಕ್ರಗಳಿಗೆ ಫಲಕ ಸಿಕ್ಕಿಸಿ ಅಳೆದರೆ ‘ಥ್ರಸ್ಟ್ ಆ್ಯಂಗಲ್’ ಎಂಬ ಒಂದು ಅಂಕಿ ಸಿಗುತ್ತದೆ. ಹಿಂದಿನ ಅಚ್ಚು ತಳ್ಳುವ ದಿಕ್ಕಿಗೂ ಗಾಡಿಯ ನಡುಗೆರೆಗೂ ಇರುವ ಕೋನವೇ ಅದು. ಆ ಅಂಕಿಯನ್ನು ಕೇಳಿ ಪಡೆಯಿರಿ. ಆದರೆ ಅದನ್ನು ನೋಡಿದ ಮೇಲೆ, ಸ್ಟಿಯರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ಮುಟ್ಟಿಸುವ ಸರಳುಗಳಾದ ಟೈ ರಾಡ್‌ಗಳನ್ನು ತಿರುವಿ ಸ್ಟಿಯರಿಂಗನ್ನು ನೇರ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಸ್ಟಿಯರಿಂಗ್ ನೆಟ್ಟಗೆ ಕಾಣಿಸುತ್ತದೆ, ಗಾಡಿ ಓರೆಯಾಗಿಯೇ ಓಡುತ್ತಿರುತ್ತದೆ, ಹಿಂದೆ ಯಾವುದೋ ಬೋಲ್ಟ್ ಸಡಿಲವಾಗಿದ್ದರೆ ಅದು ಇನ್ನಷ್ಟು ಸಡಿಲವಾಗುತ್ತ ಹೋಗುತ್ತದೆ.

ಟೈರ್ ಸಮವಾಗಿ ಸವೆದಿದೆಯಲ್ಲ ಎಂಬ ನಿಮ್ಮ ಮಾತು ಅಚ್ಚನ್ನು ನಿರ್ದೋಷಿ ಎಂದು ಸಾಬೀತುಪಡಿಸುವುದಿಲ್ಲ. ಮೇಲೆ ಹೇಳಿದಂತೆ ಇಡೀ ಅಚ್ಚು ಓರೆಯಾದಾಗ ನಾಲ್ಕೂ ಚಕ್ರಗಳು ಕೊನೆಗೆ ಒಂದಕ್ಕೊಂದು ಸಮಾನಾಂತರವಾಗಿಯೇ ಉರುಳುವುದರಿಂದ ಟೈರ್ ಉಜ್ಜುವ ಪ್ರಸಂಗ ಅಷ್ಟಾಗಿ ಬರುವುದಿಲ್ಲ. ಓರೆ ಅಚ್ಚು ಎಂದರೆ ಟೈರ್ ತಿನ್ನಲೇಬೇಕು ಎಂಬ ನಂಬಿಕೆ ಗ್ಯಾರೇಜುಗಳಲ್ಲೂ ಇದೆ, ಅದರಿಂದ ದೋಷಪತ್ತೆ ಎಷ್ಟೋ ಸಲ ದಾರಿ ತಪ್ಪುತ್ತದೆ.

ಮೊದಲು ಮಾಡಬೇಕಾದದ್ದು ನೀರಿನ ಪರೀಕ್ಷೆ. ಸಮತಟ್ಟಾದ, ಒಣಗಿದ ಕಾಂಕ್ರೀಟ್ ನೆಲದ ಮೇಲೆ ನೀರು ಸುರಿದು, ಗಾಡಿಯನ್ನು ಅದರ ಮೇಲಿಂದ ನಿಧಾನವಾಗಿ ಹತ್ತು ಹದಿನೈದು ಮೀಟರ್ ನೇರವಾಗಿ ಓಡಿಸಿ. ಸ್ಟಿಯರಿಂಗನ್ನು ನೆಟ್ಟಗೆ ಹಿಡಿಯಬೇಡಿ, ಗಾಡಿ ನೆಟ್ಟಗೆ ಹೋಗುವಂತೆ ಹಿಡಿಯಿರಿ. ಈ ಎರಡರ ವ್ಯತ್ಯಾಸ ಇಲ್ಲಿ ಮುಖ್ಯ. ಕೊನೆಯ ಕೆಲವು ಮೀಟರ್‌ಗಳ ಜಾಡನ್ನು ಬಗ್ಗಿ ನೋಡಿ. ಮುಂದಿನ ಟೈರಿನ ಒದ್ದೆ ಪಟ್ಟಿಯ ಮೇಲೆ ಹಿಂದಿನ ಟೈರ್ ಹಾದುಹೋದ ಕಡೆ ಗುರುತು ಗಾಢವಾಗಿರುತ್ತದೆ. ಅಂಚಿನಲ್ಲಿ ಬೆರಳಗಲದ ತೆಳು ಪಟ್ಟಿಯೊಂದು ಒಂದೇ ಬದಿಗೆ ಉಳಿದಿದ್ದರೆ ಅದೇ ನಿಮ್ಮ ಸಾಕ್ಷಿ. ಎಡದ ಜಾಡನ್ನೂ ಬಲದ ಜಾಡನ್ನೂ ನೋಡಲೇಬೇಕು, ಏಕೆಂದರೆ ಅನೇಕ ವಾಹನಗಳಲ್ಲಿ ಹಿಂದಿನ ಚಕ್ರಗಳ ನಡುವಿನ ಅಗಲವೇ ಮುಂದಿನದಕ್ಕಿಂತ ಬೇರೆ ಇರುತ್ತದೆ. ಹಾಗಿದ್ದಾಗ ಎರಡು ಬದಿಗಳಲ್ಲೂ ಹಿಂದಿನ ಜಾಡು ಒಳಕ್ಕೋ ಹೊರಕ್ಕೋ ಸಮವಾಗಿ ಸರಿದಿರುತ್ತದೆ, ಅದು ದೋಷವಲ್ಲ. ಎರಡೂ ಬದಿಯಲ್ಲಿ ಹಿಂದಿನ ಜಾಡು ಬಲಕ್ಕೇ ಸರಿದಿದ್ದರೆ ಆಗ ದೋಷ.

ಸ್ಟಿಯರಿಂಗ್ ವಾಲಿದೆ, ಜಾಡು ಮಾತ್ರ ಒಂದರ ಮೇಲೊಂದು ಸರಿಯಾಗಿ ಬಿದ್ದಿದೆ ಎಂದಾದರೆ ತಪ್ಪು ಮುಂದಿನ ಟೈ ರಾಡ್‌ನ ಹೊಂದಾಣಿಕೆಯಲ್ಲಿದೆ. ಸ್ಟಿಯರಿಂಗೂ ವಾಲಿ ಜಾಡೂ ಅದೇ ಬದಿಗೆ ಸರಿದಿದ್ದರೆ ಅಚ್ಚು ಓರೆಯಾಗಿದೆ. ಸ್ಟಿಯರಿಂಗ್ ನೆಟ್ಟಗಿದ್ದು ಜಾಡು ಮಾತ್ರ ಸರಿದಿದ್ದರೆ ಅದು ಬೇರೆಯೇ ಕಾಯಿಲೆ, ಮುಂದಿನ ಪ್ರಶ್ನೆಯಲ್ಲಿ ಅದು ಬರುತ್ತದೆ.

ಇನ್ನು ಅಳತೆ. ಗಾಡಿಯಲ್ಲಿ ಸರಕಿರಬಾರದು, ಟೈರ್‌ಗಳ ಗಾಳಿ ಸಮವಾಗಿರಬೇಕು, ನೆಲ ಮಟ್ಟವಾಗಿರಬೇಕು. ಜಾಕ್ ಹಾಕಿ ಎತ್ತಬೇಡಿ, ಎತ್ತಿದರೆ ಸ್ಪ್ರಿಂಗ್ ಜೋತುಬಿದ್ದು ಅಳತೆಯೇ ಬದಲಾಗುತ್ತದೆ. ಅಳೆಯುವ ಮುನ್ನ ಗಾಡಿಯನ್ನು ಕೆಲವು ಮೀಟರ್ ಮುಂದಕ್ಕೆ ಉರುಳಿಸಿ ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಿ, ಸ್ಪ್ರಿಂಗಿನ ತುದಿಗಳಲ್ಲಿರುವ ರಬ್ಬರ್ ಉಂಗುರಗಳಾದ ಬುಷ್‌ಗಳು ತಮ್ಮ ಸಹಜ ಜಾಗಕ್ಕೆ ಬರುತ್ತವೆ. ಆಮೇಲೆ ಚಕ್ರಗಳಿಗೆ ಅಡ್ಡಗಲ್ಲು ಕೊಡಿ. ಬಹಳಷ್ಟು ಜನ ಮುಂದಿನ ಚಕ್ರದ ನಡುಭಾಗವಾದ ಹಬ್‌ನಿಂದ ಹಿಂದಿನ ಹಬ್‌ಗೆ ಎರಡೂ ಬದಿ ಟೇಪ್ ಹಿಡಿದು ವ್ಯತ್ಯಾಸ ಕಂಡಕೂಡಲೇ ಹಿಂದಿನ ಅಚ್ಚನ್ನು ದೂರುತ್ತಾರೆ. ಆ ಅಳತೆ ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲದು. ಹಿಂದೆಂದೋ ಮುಂದಿನ ಚಕ್ರ ಗುಂಡಿಗೆ ಬಿದ್ದು ಅದರ ತೋಳು ಬಾಗಿ ಹಿಂದಕ್ಕೆ ಸರಿದಿದ್ದರೂ ಅದೇ ವ್ಯತ್ಯಾಸ ಬರುತ್ತದೆ. ಆದ್ದರಿಂದ ಹಿಂದಿನ ಅಚ್ಚನ್ನು ಚಾಸಿಗೆ ಹೋಲಿಸಿ ಅಳೆಯಬೇಕು.

ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗಿನ ಮುಂದಿನ ಕಣ್ಣು, ಅಂದರೆ ತುದಿಯ ಬಳೆ, ಚಾಸಿಯ ಬ್ರ್ಯಾಕೆಟ್‌ಗೆ ಬೋಲ್ಟ್ ಮೂಲಕ ಕೂತಿರುತ್ತದೆ, ಹಿಂದಿನ ಕಣ್ಣು ಓಲಾಡುವ ಕೊಂಡಿಯಾದ ಶ್ಯಾಕಲ್‌ಗೆ ತಗುಲಿರುತ್ತದೆ. ಅಚ್ಚು ಮುಂದೆ ಹಿಂದೆ ಎಲ್ಲಿರಬೇಕೆಂದು ನಿರ್ಧರಿಸುವುದು ಮುಂದಿನ ಆ ಬೋಲ್ಟ್. ಗಾರೆ ಕೆಲಸದವರು ಬಳಸುವ ತೂಕದ ಗುಂಡನ್ನು ಆ ಬೋಲ್ಟಿನ ನಡುವಿನಿಂದ ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ. ಅಚ್ಚಿನ ಕೊಳವೆಯ ಹಿಂಬದಿ ಅಂಚಿನಿಂದ, ಎರಡೂ ಕಡೆ ಸ್ಪ್ರಿಂಗಿನಿಂದ ಒಂದೇ ದೂರದಲ್ಲಿ, ಮತ್ತೆ ಗುಂಡು ಇಳಿಸಿ ಗುರುತಿಸಿ. ನಾಲ್ಕು ಗುರುತುಗಳಾದ ಮೇಲೆ ಗಾಡಿಯನ್ನು ಆಚೆ ತಳ್ಳಿ, ನೆಲದ ಮೇಲೆ ನಿರಾಳವಾಗಿ ಅಳೆಯಿರಿ. ಮೊದಲು ಎಡ ಬದಿಯ ಮತ್ತು ಬಲ ಬದಿಯ ಉದ್ದ. ಅನಂತರ ಒಂದು ಮೂಲೆಯಿಂದ ಎದುರು ಮೂಲೆಗೆ ಎರಡು ಕರ್ಣಗಳು. ಬದಿಗಳ ಉದ್ದದಲ್ಲಿ 3 ಮಿ.ಮೀ. ವರೆಗಿನ ವ್ಯತ್ಯಾಸವನ್ನು ನಾನು ಟೇಪಿನ ತಪ್ಪೆಂದು ಬಿಟ್ಟುಬಿಡುತ್ತೇನೆ. 6 ಮಿ.ಮೀ. ಬಂದರೆ ಮೊದಲಿನಿಂದ ಮತ್ತೊಮ್ಮೆ ಅಳೆಯುತ್ತೇನೆ. 10 ಮಿ.ಮೀ. ಬಂದರೆ ಮತ್ತೆ ಅಳೆಯುವ ಬದಲು ಕಾರಣ ಹುಡುಕಲು ಗಾಡಿಯ ಕೆಳಗೆ ಹೋಗುತ್ತೇನೆ.

ಬದಿಗಳೆರಡೂ ಸಮನಾಗಿದ್ದು ಕರ್ಣಗಳು ಮಾತ್ರ ಬೇರೆ ಬೇರೆ ಬಂದರೆ ಚಾಸಿಯನ್ನೇ ಅಳೆಯಬೇಕಾಗುತ್ತದೆ. ಕಾರ್ಖಾನೆಯಲ್ಲಿ ಚಾಸಿಯ ಎರಡೂ ತೊಲೆಗಳಿಗೆ ಕೊರೆದ ಜೋಡಿ ತೂತುಗಳು ಇದಕ್ಕೆ ಒದಗುತ್ತವೆ. ಮುಂದೊಂದು ಜೊತೆ, ಹಿಂದೊಂದು ಜೊತೆ ಆರಿಸಿ ಕರ್ಣ ಅಳೆದಾಗ ಅಲ್ಲೂ ವ್ಯತ್ಯಾಸವಿದ್ದರೆ ಚಾಸಿಯ ಒಂದು ತೊಲೆ ಇನ್ನೊಂದಕ್ಕಿಂತ ಹಿಂದೆ ಸರಿದು ಆಯತ ಓರೆಯಾಗಿದೆ ಎಂದರ್ಥ. ಅದು ಅಪಘಾತದ ಗುರುತು, ಮನೆಯಲ್ಲಿ ಸರಿಪಡಿಸುವಂಥದ್ದಲ್ಲ. ಇನ್ನೊಂದು ಸೂಕ್ಷ್ಮವಿದೆ: ಒಂದು ಬದಿಯ ಸ್ಪ್ರಿಂಗ್ ದಣಿದು ಚಪ್ಪಟೆಯಾಗಿದ್ದರೆ ಅದರ ಕಮಾನು ತಗ್ಗಿ ಉದ್ದ ತುಸು ಹೆಚ್ಚುವುದರಿಂದ ಆ ಬದಿಯ ಅಚ್ಚು ಕೆಲವು ಮಿ.ಮೀ. ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಎರಡೂ ಬದಿಯಲ್ಲಿ ಅಚ್ಚಿನಿಂದ ಚಾಸಿಗಿರುವ ಎತ್ತರವನ್ನೂ ಬರೆದುಕೊಳ್ಳಿ.

ನಿಮ್ಮ ಗಾಡಿಯಲ್ಲಿ ನಾನು ಮೊದಲು ನೋಡುವ ಜಾಗ ಸೆಂಟರ್ ಬೋಲ್ಟ್. ಸ್ಪ್ರಿಂಗಿನ ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಈ ಬೋಲ್ಟಿನ ದುಂಡು ತಲೆ ಅಚ್ಚಿನ ಮೇಲಿರುವ ಪೀಠದ ತೂತಿನೊಳಗೆ ಕೂರುತ್ತದೆ. ಅಚ್ಚು ಎಲ್ಲಿರಬೇಕೆಂದು ಹೇಳುವುದು ಆ ತಲೆ, ಅಲ್ಲಿಯೇ ಬಿಗಿಯಾಗಿ ಹಿಡಿದಿಡುವುದು ಯು ಬೋಲ್ಟ್‌ಗಳು. ಹೆಚ್ಚುವರಿ ಪಟ್ಟಿ ಹಾಕುವಾಗ ಸೆಂಟರ್ ಬೋಲ್ಟ್ ಬದಲಾಗುತ್ತದೆ. ಹೊಸ ಬೋಲ್ಟಿನ ತಲೆ ತೂತಿಗಿಂತ ಸಣ್ಣದಾದರೆ ಅಚ್ಚು ಆ ಸಂದಿನಷ್ಟು ಸರಿಯಬಲ್ಲದು. ತಲೆ ತೂತಿನೊಳಗೆ ಇಳಿಯದೆ ಪೀಠದ ಅಂಚಿನ ಮೇಲೆ ಕೂತಿದ್ದಾಗ ಯು ಬೋಲ್ಟ್ ಬಿಗಿದುಬಿಟ್ಟರೆ ಆ ದಿನ ಎಲ್ಲವೂ ಬಿಗಿಯಾಗಿಯೇ ಇರುತ್ತದೆ, ಕೆಲವು ವಾರಗಳಲ್ಲಿ ತಲೆ ನಜ್ಜಾಗಿ ಯು ಬೋಲ್ಟ್ ಸಡಿಲವಾಗುತ್ತದೆ. ಮತ್ತೂ ಒಂದು ತಪ್ಪು ನಡೆಯುವುದುಂಟು. ಅನೇಕ ಪಿಕಪ್‌ಗಳ ಸ್ಪ್ರಿಂಗ್‌ನಲ್ಲಿ ಸೆಂಟರ್ ಬೋಲ್ಟ್ ಹೆಸರಿಗೆ ಮಾತ್ರ ಸೆಂಟರ್, ಅದು ನಟ್ಟನಡುವೆ ಇರುವುದಿಲ್ಲ. ಅಂಥ ಒಂದು ಸ್ಪ್ರಿಂಗನ್ನು ಹಿಂದುಮುಂದಾಗಿ ಜೋಡಿಸಿದರೆ ವ್ಯತ್ಯಾಸ ಮಿ.ಮೀ. ಲೆಕ್ಕದಲ್ಲಿ ಉಳಿಯದೆ ಬರಿಗಣ್ಣಿಗೇ ಕಾಣುತ್ತದೆ.

ಬಹಳ ಹಿಂದೆ ಇಂಥದ್ದೇ ದೂರಿದ್ದ ಒಂದು ಗಾಡಿಯ ಕೆಳಗೆ ಟಾರ್ಚ್ ಹಿಡಿದು ನೋಡಿದಾಗ, ಕೆಸರು ಮೆತ್ತಿದ್ದ ಪೀಠದ ಹಿಂಬದಿಯಲ್ಲಿ ಉಗುರಿನಷ್ಟು ಅಗಲದ ಒಂದು ಅರ್ಧಚಂದ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು. ಸುತ್ತ ಎಲ್ಲ ತುಕ್ಕು, ಅಷ್ಟು ಜಾಗದಲ್ಲಿ ಮಾತ್ರ ಹೊಸ ಲೋಹ. ಪಟ್ಟಿ ಮೊದಲು ಎಲ್ಲಿ ಕೂತಿತ್ತು, ಈಗ ಎಲ್ಲಿಗೆ ಬಂದಿದೆ ಎಂಬುದನ್ನು ಆ ಹೊಳಪೇ ಹೇಳಿತು. ಟೇಪ್ ಹಿಡಿದದ್ದು ಆಮೇಲೆ, ಕೇವಲ ಖಾತರಿಗಾಗಿ. ನೀವೂ ಅಂಥ ಹೊಳಪನ್ನು, ಯು ಬೋಲ್ಟಿನ ಪಕ್ಕದ ಉಜ್ಜಿದ ಗೆರೆಯನ್ನು, ನಟ್ಟಿನ ಸುತ್ತ ಒಸರಿದ ಕೆಂಪು ತುಕ್ಕಿನ ಪುಡಿಯನ್ನು ಹುಡುಕಿ. ಪಟ್ಟಿಗಳ ತುದಿಗಳು ಎರಡೂ ಬದಿಯಲ್ಲಿ ಒಂದೇ ಮೆಟ್ಟಿಲಿನ ಸಾಲಿನಲ್ಲಿವೆಯೇ ನೋಡಿ. ಒಂದು ಪಟ್ಟಿ ಉದ್ದಕ್ಕೆ ಜಾರಿದ್ದರೆ ಒಳಗೆ ಸೆಂಟರ್ ಬೋಲ್ಟ್ ತುಂಡಾಗಿದೆ.

ದುರಸ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯು ಬೋಲ್ಟ್ ಸಡಿಲಿಸಿ ಅಚ್ಚನ್ನು ತಳ್ಳಿ ಮತ್ತೆ ಬಿಗಿದರೆ ಒಂದು ವಾರದ ಸಮಾಧಾನ ಸಿಗುತ್ತದೆ, ಅಷ್ಟೆ. ಸರಿಯಾದ ತಲೆಯ ಹೊಸ ಸೆಂಟರ್ ಬೋಲ್ಟ್ ಮತ್ತು ಹೊಸ ಯು ಬೋಲ್ಟ್‌ಗಳು ಬೇಕು. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತದೆ, ಅದನ್ನು ಮರುಬಳಸುವುದು ಸರಿಯಲ್ಲ. ನಟ್‌ಗಳನ್ನು ಎದುರುಬದುರಾಗಿ ಹಂತ ಹಂತವಾಗಿ, ತಯಾರಕರ ಕೈಪಿಡಿಯ ಟಾರ್ಕ್‌ಗೆ, ಅಂದರೆ ಬಿಗಿತದ ಅಳತೆಗೆ, ಬಿಗಿದು, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು. ಮುಂದಿನ ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಯಲ್ಲಿ.

ಪ್ರಶ್ನೆ: ನನ್ನ ಗಾಡಿಯ ಸ್ಟಿಯರಿಂಗ್ ನೆಟ್ಟಗಿದೆ, ಎಳೆತವೂ ಇಲ್ಲ. ಆದರೆ ಎಡ ಹಿಂದಿನ ಟೈರ್ ಸರಕುತೊಟ್ಟಿಯ ಮಡ್‌ಗಾರ್ಡ್‌ನಿಂದ ಹೊರಗೆ ಕಾಣುತ್ತದೆ, ಬಲ ಟೈರ್ ಒಳಗೆ ಹೋಗಿದೆ. ಅಚ್ಚು ಓರೆಯಾಗಿದೆಯೇ?

ಉತ್ತರ: ಓರೆಯಾಗಿಲ್ಲ, ಪಕ್ಕಕ್ಕೆ ಸರಿದಿರಬಹುದು. ಅದಕ್ಕೂ ಮೊದಲು ತೊಟ್ಟಿಯನ್ನು ಅನುಮಾನಿಸಿ. ಪಿಕಪ್‌ನ ತೊಟ್ಟಿ ಚಾಸಿಯ ಮೇಲೆ ಬೇರೆಯಾಗಿ ಬೋಲ್ಟ್ ಹಾಕಿ ಕೂರಿಸಿದ ಪೆಟ್ಟಿಗೆ. ಅದು ಬೆರಳಗಲ ಅಡ್ಡ ಕೂತಿದ್ದರೂ ಟೈರ್ ಒಂದು ಕಡೆ ಹೊರಗೆ, ಇನ್ನೊಂದು ಕಡೆ ಒಳಗೆ ಕಾಣುತ್ತದೆ. ಚಾಸಿಯ ತೊಲೆಯ ಹೊರಮೈಯಿಂದ ಟೈರಿನ ಒಳಗೋಡೆಗೆ ಎರಡೂ ಬದಿ ಅಳೆದರೆ ವಿಷಯ ಸ್ಪಷ್ಟವಾಗುತ್ತದೆ. ಆ ಅಳತೆಗಳು ಸಮನಾಗಿದ್ದರೆ ತೊಟ್ಟಿಯನ್ನು ಸರಿಸಿ ಕೂರಿಸಿ ಸುಮ್ಮನಾಗಬಹುದು. ಬೇರೆಯಾಗಿದ್ದರೆ ಶ್ಯಾಕಲ್ ಬುಷ್‌ಗಳ ಸವೆತ, ಬಾಗಿದ ಶ್ಯಾಕಲ್ ಅಥವಾ ಬ್ರ್ಯಾಕೆಟ್, ಪೀಠದಲ್ಲಿ ಸ್ಪ್ರಿಂಗಿನ ಅಡ್ಡಜಾರುವಿಕೆ ಇವುಗಳಲ್ಲಿ ಒಂದಿರುತ್ತದೆ. ಅಚ್ಚು ಚಾಸಿಗೆ ಲಂಬವಾಗಿಯೇ ಉಳಿದಿರುವುದರಿಂದ ಸ್ಟಿಯರಿಂಗ್ ವಾಲುವುದಿಲ್ಲ. ನಿಮ್ಮದು ಲೀಫ್ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್ ಇರುವ ಪಿಕಪ್ ಆಗಿದ್ದರೆ ಅಚ್ಚನ್ನು ಅಡ್ಡಕ್ಕೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಎಂಬ ಓರೆ ಸರಳು ಇರಬಹುದು. ಗಾಡಿಯ ಎತ್ತರ ಹೆಚ್ಚಿಸಿದಾಗ ಆ ಸರಳಿನ ಕೋನ ಬದಲಾಗಿ ಅಚ್ಚು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ.

ಪ್ರಶ್ನೆ: ಆಕ್ಸಿಲರೇಟರ್ ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ, ಕಾಲು ತೆಗೆದರೆ ಬಲಕ್ಕೆ ಹೋಗುತ್ತದೆ. ಎರಡು ಗ್ಯಾರೇಜಿನಲ್ಲಿ ಅಳೆದಾಗಲೂ ಅಚ್ಚು ಸರಿಯಾಗಿಯೇ ಇತ್ತು.

ಉತ್ತರ: ನಿಂತ ಗಾಡಿಯಲ್ಲಿ ಅಳೆದರೆ ಸರಿಯಾಗಿಯೇ ಬರುತ್ತದೆ, ಏಕೆಂದರೆ ನಿಮ್ಮ ಅಚ್ಚು ಓಡುವಾಗ ಮಾತ್ರ ಜಾಗ ಬಿಡುತ್ತಿದೆ. ಎಂಜಿನ್ನಿನ ಶಕ್ತಿ ಚಕ್ರಗಳಿಗೆ ತಲುಪಿದಾಗ ಅಚ್ಚು ಮುಂದಕ್ಕೆ ನುಗ್ಗಿ ಸ್ಪ್ರಿಂಗಿನ ಮುಂದಿನ ಕಣ್ಣಿನ ಮೂಲಕ ಚಾಸಿಯನ್ನು ತಳ್ಳುತ್ತದೆ. ಒಂದು ಬದಿಯ ಬುಷ್ ಸವೆದಿದ್ದರೆ ಅಥವಾ ಯು ಬೋಲ್ಟ್ ಸಡಿಲವಿದ್ದರೆ ಆ ಬದಿ ಒಂದಿಷ್ಟು ಮುಂದೆ ಹೋಗುತ್ತದೆ, ಕಾಲು ತೆಗೆದಾಗ ಹಿಂದೆ ಬರುತ್ತದೆ. ವೇಗ ಹೆಚ್ಚಿಸುವಾಗ ಗಾಡಿ ಎಳೆಯುವ ಬದಿಯೇ ಸಾಮಾನ್ಯವಾಗಿ ದೋಷವಿರುವ ಬದಿ. ಅಂದರೆ ನೀವು ಎಡಗಡೆಯಿಂದ ಆರಂಭಿಸಬೇಕು. ಬ್ರೇಕ್ ಒತ್ತಿದಾಗ ಮಾತ್ರ ಎಳೆಯುವುದಾಗಿದ್ದರೆ ಬ್ರೇಕನ್ನೇ ನೋಡಿ ಎನ್ನುತ್ತಿದ್ದೆ, ನಿಮ್ಮ ವರ್ಣನೆ ಹಾಗಿಲ್ಲ.

ಸರಳವಾದ ಪರೀಕ್ಷೆ ಬಣ್ಣದ ಗೆರೆ. ಅಚ್ಚಿನ ಪೀಠ, ಸ್ಪ್ರಿಂಗ್ ಪಟ್ಟಿಗಳು, ಯು ಬೋಲ್ಟಿನ ತಟ್ಟೆ ಇಷ್ಟನ್ನೂ ತಂತಿಬ್ರಷ್‌ನಿಂದ ಉಜ್ಜಿ, ಮೇಲಿನಿಂದ ಕೆಳಗಿನವರೆಗೆ ತೆಳುವಾದ ಒಂದೇ ಗೆರೆಯನ್ನು ಬಿಳಿ ಬಣ್ಣದಲ್ಲಿ ಎಳೆಯಿರಿ. ಕೆಲವು ದಿನ ಸರಕು ಹೊತ್ತು ಓಡಿಸಿದ ಮೇಲೆ ಗೆರೆ ಎಲ್ಲಿ ಕಡಿದು ಪಕ್ಕಕ್ಕೆ ಸರಿದಿದೆಯೋ ಜಾರುವಿಕೆ ಅಲ್ಲಿದೆ. ಗೆರೆ ಅಖಂಡವಾಗಿ ಉಳಿದಿದ್ದರೆ ಮುಂದಿನ ಕಣ್ಣಿನ ಬುಷ್ ನೋಡಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಇಬ್ಬರು ಗಾಡಿಯನ್ನು ಮುಂದಕ್ಕೂ ಹಿಂದಕ್ಕೂ ಜಗ್ಗುವಾಗ ನೀವು ಪಕ್ಕದಲ್ಲಿ ನಿಂತು, ಕೆಳಗೆ ನುಸುಳದೆ, ಸ್ಪ್ರಿಂಗ್ ಕಣ್ಣಿಗೂ ಬ್ರ್ಯಾಕೆಟ್‌ಗೂ ನಡುವಿನ ಸಂದನ್ನು ಗಮನಿಸಿ. ಒಳ್ಳೆಯ ರಬ್ಬರ್ ತಿರುಚಿಕೊಳ್ಳುತ್ತದೆಯೇ ಹೊರತು ಬೋಲ್ಟ್ ಅದರೊಳಗೆ ಓಡಾಡುವುದಿಲ್ಲ. ಕಟಕ್ ಎಂಬ ಸದ್ದು ಬಂದರೆ ಬೇರೆ ಪುರಾವೆ ಬೇಡ.

ಪ್ರಶ್ನೆ: ಹಿಂದಿನ ಎರಡೂ ಟೈರ್‌ಗಳ ಒಳ ಅಂಚು ಮಾತ್ರ ಸವೆಯುತ್ತಿದೆ. ಅಚ್ಚಿನ ಅಳತೆ ಎರಡೂ ಬದಿ ಸಮ.

ಉತ್ತರ: ನಿಮ್ಮ ಅಚ್ಚು ಜಾಗದಲ್ಲಿದೆ, ಅದರ ಹೌಸಿಂಗ್, ಅಂದರೆ ಹೊರಗಿನ ಕೊಳವೆ, ಬಾಗಿದೆ. ಗಟ್ಟಿ ಅಚ್ಚಿನಲ್ಲಿ ಚಕ್ರದ ಕೋನ ತಾನಾಗಿ ಬದಲಾಗುವುದಿಲ್ಲ. ಮಿತಿಮೀರಿದ ಸರಕು ಸ್ಪ್ರಿಂಗಿನ ಪೀಠಗಳ ಮೇಲೆ ಒತ್ತಿ, ನೆಲ ಚಕ್ರಗಳನ್ನು ಮೇಲಕ್ಕೆ ತಳ್ಳಿದಾಗ ಹೌಸಿಂಗಿನ ತುದಿಗಳು ಮೇಲಕ್ಕೆ ಬಾಗುತ್ತವೆ, ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ, ಒಳ ಅಂಚು ಭಾರ ಹೊರುತ್ತದೆ. ಸವೆದ ಭಾಗದ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೂ ಒಳಗಿನಿಂದ ಹೊರಕ್ಕೂ ಸವರಿ ನೋಡಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದಂಥ ತರಚು ಸಿಕ್ಕಿದರೆ ಹೌಸಿಂಗ್ ಮೇಲಕ್ಕಷ್ಟೇ ಅಲ್ಲದೆ ಹಿಂದಕ್ಕೂ ಬಾಗಿರುವ ಸಂಭವವಿದೆ. ಅದನ್ನು ತಿಳಿಯಲು ಎರಡೂ ಟೈರ್‌ಗಳ ನಡುಗೆರೆಯಲ್ಲಿ, ಹಬ್‌ನ ಎತ್ತರದಲ್ಲಿ, ಮುಂಬದಿಗೆ ಒಂದೊಂದು ಚುಕ್ಕೆ ಇಟ್ಟು ಗುಂಡು ಇಳಿಸಿ ನೆಲದ ಮೇಲೆ ಅವುಗಳ ನಡುವಿನ ಅಂತರ ಅಳೆಯಿರಿ. ಚಕ್ರ ಅರ್ಧ ಸುತ್ತು ತಿರುಗುವಷ್ಟು ಗಾಡಿಯನ್ನು ಉರುಳಿಸಿ, ಅವೇ ಚುಕ್ಕೆಗಳು ಹಿಂಬದಿಗೆ ಬಂದಾಗ ಮತ್ತೆ ಅಳೆಯಿರಿ. ಅವೇ ಚುಕ್ಕೆಗಳನ್ನು ಬಳಸುವುದರಿಂದ ಟೈರಿನ ಸೊಟ್ಟ ಲೆಕ್ಕದಿಂದ ಹೊರಗುಳಿಯುತ್ತದೆ. ಮುಂದಿನ ಅಂತರ ಹೆಚ್ಚಾಗಿದ್ದರೆ ಚಕ್ರಗಳು ಹೊರಕ್ಕೆ ಮುಖಮಾಡಿವೆ. ಬಾಗಿದ ಹೌಸಿಂಗನ್ನು ಗಾಡಿಯಲ್ಲಿಯೇ ಇಟ್ಟು ಗ್ಯಾಸ್‌ನಿಂದ ಕಾಯಿಸಿ ನೆಟ್ಟಗೆ ಮಾಡುವವರಿದ್ದಾರೆ. ಭಾರ ಹೊರುವ ಕೊಳವೆಯನ್ನು ಹಾಗೆ ಕಾಯಿಸಿದರೆ ಅದರ ಗಟ್ಟಿತನ ಕುಗ್ಗುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಬಿಚ್ಚಿ, ಅಳತೆಯ ಚೌಕಟ್ಟಾದ ಜಿಗ್‌ನಲ್ಲಿ ಕೂರಿಸಿ ಅಳೆಸಿ, ಆಗದಿದ್ದರೆ ಬದಲಾಯಿಸಿ.

ಪ್ರಶ್ನೆ: ನಾಲ್ಕು ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದರೆ ಹಿಂದಿನ ಅಚ್ಚನ್ನೂ ಹೊಂದಿಸಿಕೊಡುತ್ತಾರೆಯೇ?

ಉತ್ತರ: ಲೀಫ್ ಸ್ಪ್ರಿಂಗಿನ ಮೇಲೆ ಕೂತ ಗಟ್ಟಿ ಅಚ್ಚಿಗೆ ಸಾಮಾನ್ಯವಾಗಿ ಹೊಂದಿಸುವ ತಿರುಪೇ ಇರುವುದಿಲ್ಲ. ಯಂತ್ರ ಅಳೆದು ಹೇಳಬಲ್ಲದು, ಅಷ್ಟೆ. ಸ್ಪ್ರಿಂಗ್ ಮತ್ತು ಅಚ್ಚಿನ ನಡುವೆ ಬೆಣೆ ಕೊಟ್ಟು ಸರಿಮಾಡುತ್ತೇವೆ ಎಂದರೆ ಎಚ್ಚರವಿರಲಿ. ಆ ಬೆಣೆಗಳು ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ತರುವ ಪ್ರೊಪೆಲ್ಲರ್ ಶಾಫ್ಟ್ ಸೇರುವ ಹಲ್ಲುಚಕ್ರದ, ಅಂದರೆ ಪಿನಿಯನ್ನಿನ, ಕೋನವನ್ನು ಬದಲಿಸಲು ಇರುವಂಥವು, ಓರೆಯಾದ ಅಚ್ಚನ್ನು ಅವು ಒಂದು ಮಿ.ಮೀ. ಕೂಡ ಮುಂದಕ್ಕೆ ತರುವುದಿಲ್ಲ.